ಮಾಕುಟ್ಟದಲ್ಲಿ ಗಾಡಿ ನಿಂತ್ರೆ ಗಡಿ ನಡ್ಕೊಂಡು ದಾಟೋದು ಹೇಗೆ? ಎಲ್ಲಿ ಇಳೀಬೇಕು, ಎಲ್ಲಿ ಇಳೀಲೇಬಾರದು

ಓಣಂ, ಕ್ರಿಸ್‌ಮಸ್ ರಜೆ, ಕೊಟ್ಟಿಯೂರಿನ ವೈಶಾಖ ಉತ್ಸವ, ಶಬರಿಮಲೆ ಸೀಸನ್ನು, ಇಲ್ಲಾ ಶನಿವಾರ ಭಾನುವಾರಕ್ಕೆ ಇನ್ನೊಂದು ರಜೆ ಅಂಟ್ಕೊಂಡು ಬಂತು ಅಂದ್ರೆ ಸಾಕು, ಕೊಡಗಿನ ನಮ್ಮ ಕಡೆಯವರು ಕೇಳೋದು ಒಂದೇ ಪ್ರಶ್ನೆ, ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟ್ ಬಗ್ಗೆ. "ಮಾಕುಟ್ಟದಲ್ಲಿ ಗಾಡಿ ಸಾಲು ನಿಂತುಬಿಟ್ಟಿದೆ, ಕಣ್ಣೂರಲ್ಲಿ ಫ್ಲೈಟ್ ಇದೆ, ಇಳಿದು ನಡ್ಕೊಂಡು ಆ ಕಡೆ ಹೋಗ್ಬಹುದಾ? ಪಾಸ್ ಏನಾದ್ರೂ ಬೇಕಾ? ಆ ಕಡೆ ಬಸ್ ಸಿಗುತ್ತಾ?" ಹೀಗೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದ್ದೀನಿ, ಓದಿ ಮನೆಯವರಿಗೂ ಹೇಳಿ.

ಚಿಕ್ಕ ಉತ್ತರ: ಹೌದು, ನಡ್ಕೊಂಡು ದಾಟ್ಬಹುದು, ಯಾವ ಪಾಸೂ ಬೇಡ. ಆದ್ರೆ ನಡೆಯೋದು ಗಡಿಯನ್ನ ಮಾತ್ರ, ಘಾಟಿಯನ್ನಲ್ಲ. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತ್ರೆ ಉಳಿದಿದ್ದೆಲ್ಲ ಸುಲಭ. ಚೆಕ್‌ಪೋಸ್ಟ್ ಕಣ್ಣಿಗೆ ಕಾಣೋ ದೂರಕ್ಕೆ ಬಂದ ಮೇಲೆ ಇಳಿದು ಗಡಿಯ ಸೇತುವೆ ದಾಟೋದು ಒಂದು ವಿಷಯ, ಘಾಟಿ ಶುರುವಾಗೋ ಪೆರುಂಬಾಡಿ ದಾಟಿ ಕಾಡಿನ ನಡುವೆ ಎಲ್ಲೋ ಗಾಡಿ ನಿಂತಾಗ "ಹೆಂಗೂ ಇಳಿಜಾರು ತಾನೆ, ನಡೆದುಬಿಡೋಣ" ಅಂತ ಹೊರಡೋದು ಪೂರ್ತಿ ಬೇರೆ ವಿಷಯ. ಎರಡನೇದನ್ನ ದಯವಿಟ್ಟು ಯಾರೂ ಮಾಡ್ಬೇಡಿ.

ಮೊದ್ಲು ಜಾಗ ಯಾವ್ದು ಅಂತ ಗೊತ್ತಿರಲಿ

ಕೊಡಗಿಂದ ಕೇರಳಕ್ಕೆ ಬಸ್ಸು ಕಾರು ಹೋಗೋ ಮುಖ್ಯ ದಾರಿ ಮೂರು.

ಒಂದು, ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಸೇತುವೆ ದಾಟಿದ್ರೆ ಕೂಟುಪೊಳೆ, ಆಮೇಲೆ ಇರಿಟ್ಟಿ. ಕಣ್ಣೂರು, ತಲಶ್ಶೇರಿ, ಮಟ್ಟನ್ನೂರು ಕಡೆ ಹೋಗೋರೆಲ್ಲ ಇದೇ ದಾರಿ. 2018ರ ಡಿಸೆಂಬರಲ್ಲಿ ಕಣ್ಣೂರು ಏರ್‌ಪೋರ್ಟ್ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಈ ರಸ್ತೆ ಬೆಂಗಳೂರು ರಸ್ತೆಯಷ್ಟೇ ಮುಖ್ಯ ಆಗಿದೆ. ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ ವಿಮಾನವೂ ಇಲ್ಲ, ಹಾಗಾಗಿ ರೈಲಿಗೆ ತಲಶ್ಶೇರಿ, ಫ್ಲೈಟ್‌ಗೆ ಮಟ್ಟನ್ನೂರು (ಕಣ್ಣೂರು ಏರ್‌ಪೋರ್ಟ್ ಇರೋದು ಅಲ್ಲೇ), ಕ್ಯಾನ್ಸರ್ ಚಿಕಿತ್ಸೆಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಅಂತ ಓಡಾಡೋರು ಎಷ್ಟೋ ಜನ, ಇವರಿಗೆ ಒಂದು ಗಂಟೆ ತಡ ಆದ್ರೂ ದೊಡ್ಡ ನಷ್ಟ.

ಎರಡು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ, ಮಾನಂದವಾಡಿ. ತಿರುನೆಲ್ಲಿಗೆ ಹೋಗೋರ ದಾರಿ.

ಮೂರು, ಭಾಗಮಂಡಲ, ಕರಿಕೆ, ಪಾಣತ್ತೂರು, ಕಾಞಂಗಾಡು.

ಜಾಸ್ತಿ ಪ್ರಶ್ನೆ ಬರೋದು ಮಾಕುಟ್ಟದ ಬಗ್ಗೆ, ಅದಕ್ಕೇ ಅದನ್ನೇ ಉದ್ದಕ್ಕೆ ಬರೀತೀನಿ. ಕುಟ್ಟ, ಕರಿಕೆ ಬಗ್ಗೆ ಕೊನೇಲಿ ಇದೆ.

1. ಮನೆ ಬಿಡೋಕೆ ಮುಂಚೆ

ಮಳೆಗಾಲ ಆದ್ರೆ ರಸ್ತೆ ತೆರೆದಿದೆಯಾ ಅಂತ ಮೊದ್ಲು ನೋಡ್ಕೊಳ್ಳಿ. 2018ರ ಜೂನಲ್ಲಿ ಮಾಕುಟ್ಟ ರಸ್ತೆ ಗುಡ್ಡ ಕುಸಿದು ಪೂರ್ತಿ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ, ಆಮೇಲೂ ಜೋರು ಮಳೆ ಹಿಡಿದಾಗ ಜಿಲ್ಲಾಧಿಕಾರಿಗಳು ಭಾರಿ ವಾಹನ ನಿಲ್ಲಿಸೋದು, ಕೆಲವು ಸಲ ರಾತ್ರಿ ಓಡಾಟ ನಿಲ್ಲಿಸೋದು ನಡೆದಿದೆ. ಆದೇಶದಲ್ಲಿ "ಮಲ್ಟಿ ಆಕ್ಸಲ್" ಅಂತ ಬರೆದಿರ್ತಾರೆ, ಅಂದ್ರೆ ಎರಡಕ್ಕಿಂತ ಜಾಸ್ತಿ ಆಕ್ಸಲ್ ಇರೋ ದೊಡ್ಡ ಲಾರಿಗಳು, ನಿಮ್ಮ ಕಾರು ಜೀಪಿಗೆ ಅದು ಅನ್ವಯ ಆಗಲ್ಲ. ರಸ್ತೆಯೇ ಬಂದ್ ಅಂದಾಗ "ಗಾಡಿಗೆ ತಾನೆ ಬಂದ್, ನಡೆಯೋರಿಗೆ ಏನು" ಅನ್ನೋ ಲೆಕ್ಕ ಬೇಡ, ಮಣ್ಣು ಜಾರೋ ಜಾಗದಲ್ಲಿ ಕಾರಿಗಿಂತ ಕಾಲಿಗೇ ಅಪಾಯ ಜಾಸ್ತಿ.

ಎರಡನೇದು, ಕೇರಳದಲ್ಲಿ ಆ ದಿನ ಹರತಾಳ ಇದೆಯಾ ಅಂತ ನೋಡಿ. ಇದನ್ನ ಮರೆಯೋರು ತುಂಬಾ. ಹರತಾಳ ಅಂದ್ರೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಆ ಕಡೆ ಬಸ್ಸು, ಆಟೋ, ಅಂಗಡಿ ಸಾಮಾನ್ಯವಾಗಿ ಏನೂ ಇರಲ್ಲ. ನಮ್ಮ ಕಡೆ ಬಸ್ಸು ಗಡಿವರೆಗೆ ಬಂದು ನಿಲ್ಲುತ್ತೆ, ನೀವು ಇಳಿದು ಸೇತುವೆ ದಾಟ್ತೀರಿ, ದಾಟಿ ಮುಂದೆ ಹೋಗೋಕೆ ಏನೂ ಇಲ್ಲ. ಹರತಾಳದ ದಿನ ನಡೆದು ದಾಟಿ ಪ್ರಯೋಜನವೇ ಇಲ್ಲ, ಆ ಕಡೆಯಿಂದ ನಿಮ್ಮವರೇ ಯಾರಾದ್ರೂ ಗಾಡಿ ತರ್ತಾರೆ ಅಂತ ಖಾತ್ರಿ ಇದ್ರೆ ಮಾತ್ರ ಬೇರೆ ಮಾತು.

ಮೂರನೇದು ಫೋನ್. ಪೆರುಂಬಾಡಿ ದಾಟಿ ಘಾಟಿ ಇಳಿಯೋಕೆ ಶುರು ಮಾಡಿದ್ರೆ ಉದ್ದಕ್ಕೂ ನೆಟ್‌ವರ್ಕ್ ನಂಬೋ ಹಾಗಿಲ್ಲ. ಆದ್ದರಿಂದ ಹೇಳೋದೆಲ್ಲ ಪೆರುಂಬಾಡಿಗೆ ಮುಂಚೆಯೇ ಹೇಳಿಬಿಡಿ: ಆ ಕಡೆ ಕಾಯೋರಿಗೆ, ಮನೆಯವರಿಗೆ, ಟ್ಯಾಕ್ಸಿಯವರಿಗೆ. ಮ್ಯಾಪ್ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಟಿಕೆಟ್ಟು ಬೋರ್ಡಿಂಗ್ ಪಾಸು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಗೂಗಲ್ ಪೇ ನಡೆಯುತ್ತೆ ಅಂತ ಬರೀ ಫೋನ್ ಹಿಡ್ಕೊಂಡು ಹೋಗ್ಬೇಡಿ, ನೆಟ್‌ವರ್ಕ್ ಇಲ್ದಿದ್ರೆ ಅದೂ ಇಲ್ಲ. ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ನೋಟು ಜೇಬಲ್ಲಿರಲಿ.

2. ಗಾಡಿ ನಿಂತಾಗ: ಬ್ಲಾಕ್ ಎಲ್ಲಿದೆ ಅಂತ ಮೊದ್ಲು ಕಂಡುಹಿಡೀರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಹೆಚ್ಚಿನವರು ಬಿಟ್ಟುಬಿಡೋದೂ ಇದನ್ನೇ. ಗಾಡಿ ನಿಂತ ತಕ್ಷಣ ಬಾಗಿಲು ತೆಗೆದು ಇಳಿಯೋದಲ್ಲ. ಬ್ಲಾಕ್ ಗಡಿಯಲ್ಲಿದ್ರೆ ನಡಿಗೆಯಿಂದ ಉಪಯೋಗ ಇದೆ. ಘಾಟಿ ನಡುವೆ ಹೇರ್‌ಪಿನ್ ತಿರುವಲ್ಲಿ ಕೆಂಪುಕಲ್ಲಿನ ಲಾರಿ ಸಿಕ್ಕಿಕೊಂಡಿದೆ, ಇಲ್ಲಾ ಮರ ಬಿದ್ದಿದೆ ಅಂದ್ರೆ ನಡೆದು ಏನೂ ಸಿಗಲ್ಲ, ಲಾರಿ ದಾಟಿ ಮುಂದೆ ಹೋದ್ರೂ ಮುಂದೆ ಇರೋದು ಕಾಡೇ.

ಫೋನ್ ಇಲ್ದೆ ಇದನ್ನ ಕಂಡುಹಿಡಿಯೋದು ಹೇಗೆ? ಎದುರುಗಡೆಯಿಂದ ಬರೋ ಗಾಡಿಗಳನ್ನ ನೋಡಿ.

ಎದುರಿಂದ ಗಾಡಿಗಳು ಒಂದೊಂದಾಗಿ, ಮಾಮೂಲಾಗಿ ಬರ್ತಾ ಇವೆ, ನಿಮ್ಮ ಸಾಲು ಮಾತ್ರ ಇರುವೆ ಹಾಗೆ ಹರೀತಾ ಇದೆ ಅಂದ್ರೆ ಮುಂದೆ ಚೆಕಿಂಗ್ ನಡೀತಾ ಇರೋ ಸಾಧ್ಯತೆ ಜಾಸ್ತಿ. ಇದು ಗಡಿ ಬ್ಲಾಕ್. ನಡೆಯೋಕೆ ಯೋಚ್ನೆ ಮಾಡ್ಬಹುದು.

ಎದುರಿಂದ ಹತ್ತಿಪ್ಪತ್ತು ಗಾಡಿ ಒಟ್ಟಿಗೆ ಬರುತ್ತೆ, ಆಮೇಲೆ ಸ್ವಲ್ಪ ಹೊತ್ತು ಖಾಲಿ, ಆಮೇಲೆ ನಿಮ್ಮ ಸಾಲು ಸರಸರ ಮುಂದೆ ಹೋಗುತ್ತೆ. ಹೀಗಾದ್ರೆ ಎಲ್ಲೋ ಅರ್ಧ ರಸ್ತೆ ಮಾತ್ರ ಇದೆ, ಒಂದು ಕಡೆ ಬಿಟ್ಟು ಇನ್ನೊಂದು ಕಡೆ ನಿಲ್ಲಿಸ್ತಾ ಇದ್ದಾರೆ. ಸುಮ್ಮನೆ ಗಾಡೀಲೇ ಕೂತಿರಿ, ನಡೆಯೋದಕ್ಕಿಂತ ಬೇಗ ತಲುಪ್ತೀರಿ.

ಎದುರಿಂದ ತುಂಬಾ ಹೊತ್ತು ಒಂದು ಗಾಡಿನೂ ಬರ್ಲಿಲ್ಲ, ಬೈಕೂ ಇಲ್ಲ ಅಂದ್ರೆ ರಸ್ತೆ ಪೂರ್ತಿ ಕಟ್ಟಿಕೊಂಡಿದೆ. ಇಳಿಯೋದೂ ಬೇಡ, ಕಾಯೋದೂ ಬೇಡ, ತಿರುಗಿಸೋಕೆ ಜಾಗ ಇದ್ರೆ ವಾಪಸ್ ಹೋಗೋದರ ಬಗ್ಗೆ ಯೋಚ್ನೆ ಮಾಡಿ. ಬೈಕುಗಳು ಮಾತ್ರ ಬರ್ತಾ ಇವೆ ಅಂದ್ರೆ ಲಾರಿ ಅಡ್ಡ ನಿಂತಿದೆ, ಪಕ್ಕದಲ್ಲಿ ಸಣ್ಣ ಸಂದಿ ಇದೆ ಅಂತ ಅರ್ಥ. ಬೈಕಿನವರನ್ನ ಕೈ ಅಡ್ಡ ಹಿಡಿದು ಕೇಳಿ, "ಅಣ್ಣ, ಬ್ಲಾಕ್ ಎಲ್ಲಿ, ಚೆಕ್‌ಪೋಸ್ಟಲ್ಲಾ ತಿರುವಲ್ಲಾ?" ಅಂತ. ಅವರಿಗೆ ಕಣ್ಣಾರೆ ಕಂಡಿದ್ದು ಗೊತ್ತಿರುತ್ತೆ, ಫೋನಲ್ಲಿ ಓಡಾಡೋ ವಾಟ್ಸಾಪ್ ಸುದ್ದಿಗಿಂತ ಅದು ಮೇಲು.

ವಾಪಸ್ ಹೋಗೋದಾದ್ರೆ ಇನ್ನೊಂದು ದಾರಿ ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಮೇಲೆ, ಅಲ್ಲಿಂದ ಮತ್ತೆ ಒಂದು ಘಾಟಿ ಇಳಿದು ಪೇರಾವೂರು ಕಡೆಯಿಂದ. ಇದು ಗಂಟೆಗಟ್ಟಲೆ ಸುತ್ತು, ಫ್ಲೈಟ್‌ಗೆ ಮೂರು ನಾಲ್ಕು ಗಂಟೆ ಮಾತ್ರ ಬಾಕಿ ಇದ್ರೆ ಇದನ್ನ ಲೆಕ್ಕಕ್ಕೇ ತಗೋಬೇಡಿ.

3. ಇಳಿಯೋಕೆ ಮೂರು ಷರತ್ತು

ಮೂರೂ ಸರಿ ಇದ್ರೆ ಮಾತ್ರ ಇಳೀರಿ. ಎರಡು ಸರಿ ಇದೆ ಅಂತ ಇಳೀಬೇಡಿ.

ಒಂದು, ಚೆಕ್‌ಪೋಸ್ಟ್ ಅಥವಾ ಅದರ ಹತ್ತಿರದ ಕಟ್ಟಡ ಕಣ್ಣಿಗೆ ಕಾಣ್ಬೇಕು. "ಇನ್ನೊಂದೇ ತಿರುವು" ಅನ್ನೋ ಮಾತಿನ ಮೇಲೆ ಇಳೀಬೇಡಿ, ಘಾಟಿಯಲ್ಲಿ ಒಂದು ತಿರುವು ಆದ್ಮೇಲೆ ಇನ್ನೊಂದು ತಿರುವು ಇದ್ದೇ ಇರುತ್ತೆ. ಈ ರಸ್ತೆ ಹೋಗೋದು ಬ್ರಹ್ಮಗಿರಿ ವನ್ಯಧಾಮದ ಕಾಡಲ್ಲಿ. ಆನೆ ರಸ್ತೆ ದಾಟೋ ಜಾಗ ಇದೆ. ಗಾಡಿ ಸಾಲಾಗಿ ನಿಂತಿದೆ, ಇಷ್ಟು ಜನ ಇದ್ದಾರೆ, ಆನೆ ಬರಲ್ಲ ಅಂತ ಅಂದ್ಕೊಳ್ಳೋದು ತಪ್ಪು, ಗಾಡಿಯಲ್ಲಿರೋರಿಗೆ ತಗಡಿನ ಮರೆಯಾದ್ರೂ ಇದೆ, ನಡೆಯೋರಿಗೆ ಒಂದು ಕಡೆ ಬರೆ, ಇನ್ನೊಂದು ಕಡೆ ಪ್ರಪಾತ, ಓಡೋಕೂ ಜಾಗ ಇಲ್ಲ.

ಎರಡು, ಬೆಳಕು. ಸಂಜೆ ಐದೂವರೆ ಮೇಲೆ ಕಾಲ್ನಡಿಗೆ ಶುರು ಮಾಡ್ಬೇಡಿ. ಕಾಡಿನ ರಸ್ತೆಯಲ್ಲಿ ಕತ್ತಲೆ ಪೇಟೆಗಿಂತ ಮುಂಚೆಯೇ ಬರುತ್ತೆ, ಮಳೆಗಾಲದಲ್ಲಂತೂ ನಾಲ್ಕೂವರೆಗೇ ಮಬ್ಬು.

ಮೂರು, ಗಾಡಿಯಲ್ಲಿ ಡ್ರೈವರ್ ಉಳೀಬೇಕು. ಒಬ್ಬರೇ ಕಾರು ಓಡಿಸ್ಕೊಂಡು ಬಂದಿದ್ರೆ ಈ ಲೇಖನ ನಿಮಗಲ್ಲ, ಕೂತಿರಿ. ಸಾಲಿನಲ್ಲಿ ಕಾರು ಬಿಟ್ಟು ಹೋದ್ರೆ ಹಿಂದಿನ ನೂರಾರು ಗಾಡಿ ನಿಮ್ಮಿಂದ ನಿಲ್ಲುತ್ತೆ, ಅದರಲ್ಲಿ ಒಂದು ಆಂಬ್ಯುಲೆನ್ಸ್ ಇರ್ಬಹುದು.

ಇಲ್ಲೇ ಒಂದು ಮಾತು ಹೇಳ್ಬೇಕು. ನಮ್ಮ ಘಾಟಿಯಲ್ಲಿ ಅರ್ಧ ಟ್ರಾಫಿಕ್ ಆಗೋದು ಲಾರಿಯಿಂದಲ್ಲ, ತಾಳ್ಮೆ ಇಲ್ದೆ ಬಲಗಡೆಗೆ ನುಗ್ಗಿ ಎರಡನೇ ಸಾಲು ಮಾಡೋ ಕಾರುಗಳಿಂದ. ಮುಂದೆ ಎದುರಿಂದ ಬಸ್ ಬಂತು, ಅದಕ್ಕೆ ಜಾಗ ಇಲ್ಲ, ಇವರಿಗೆ ಹಿಂದೆ ಹೋಗೋಕೂ ಆಗಲ್ಲ, ಅಲ್ಲಿಗೆ ಮುಗೀತು. ಎಡಗಡೆ ಒಂದೇ ಸಾಲಲ್ಲಿ ನಿಲ್ಲಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ ಗೇರಲ್ಲಿ ಬಿಡಿ, ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಿಸ್ಬೇಡಿ. ನೀವು ಮಾಡೋದ್ರಲ್ಲಿ ಎಲ್ಲರಿಗೂ ಉಪಕಾರ ಆಗೋದು ಇದೇ.

4. ಯಾರು ನಡೀಬೇಕು, ಯಾರು ಕೂತಿರ್ಬೇಕು

ಫ್ಲೈಟು, ರೈಲು, ಪರೀಕ್ಷೆ, ಆಸ್ಪತ್ರೆ ಅಪಾಯಿಂಟ್‌ಮೆಂಟ್ ಇರೋರು ನಡೀಲಿ. ಸುಮ್ಮನೆ ಬೇಜಾರು ಆಯ್ತು ಅಂತ ಎಲ್ಲರೂ ಇಳಿದು ನಡೆದ್ರೆ ರಸ್ತೆಯಲ್ಲಿ ಜನ ತುಂಬಿ ಟ್ರಾಫಿಕ್ ಇನ್ನೂ ಜಾಸ್ತಿ ಆಗುತ್ತೆ. ಮಂಡಿ ನೋವಿರೋ ಅಜ್ಜಿ ಅಜ್ಜ, ಎದೆ ನೋವಿನವರು, ಬಸುರಿಯರು, ಎತ್ತಿಕೊಳ್ಳೋ ವಯಸ್ಸಿನ ಮಕ್ಕಳು ಗಾಡೀಲೇ ಇರಲಿ. ಗಾಡೀಲಿ ಉಳಿಯೋರಲ್ಲಿ ಸಕ್ಕರೆ ಕಾಯಿಲೆಯವರಿದ್ರೆ ಅವರ ಮಾತ್ರೆ, ಬಿಸ್ಕೆಟ್ಟು, ನೀರು ಗಾಡಿಯಲ್ಲೇ ಬಿಟ್ಟು ಇಳೀರಿ, ಗಡಿಬಿಡಿಯಲ್ಲಿ ಮಾತ್ರೆ ಚೀಲ ನಡೆಯೋರ ಜೊತೆ ಹೋಗಿ ಕಾಯಿಲೆಯವರು ಗಾಡಿಯಲ್ಲಿ ಉಳಿಯೋದು ಬೇಡ.

ಸಿರಿಯಸ್ ಆಗಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ನಡೆಸೋ ಯೋಚ್ನೆನೇ ಬೇಡ. ಒಬ್ಬರು ಗಟ್ಟಿ ಕಾಲಿನವರು ಮುಂದೆ ಹೋಗಿ ಚೆಕ್‌ಪೋಸ್ಟ್ ಪೊಲೀಸರಿಗೆ ಹೇಳಿ, ಗಾಡಿ ನಂಬರ್ ಕೊಡಿ, ಅವರು ಎದುರಿನ ಗಾಡಿ ನಿಲ್ಲಿಸಿ ದಾರಿ ಮಾಡಿಕೊಡೋಕೆ ಆಗುತ್ತೆ. ನೆಟ್‌ವರ್ಕ್ ಸಿಕ್ಕಿದ್ರೆ ಎರಡೂ ರಾಜ್ಯದಲ್ಲಿ 108 ಆಂಬ್ಯುಲೆನ್ಸು, 112 ಪೊಲೀಸ್.

ಬಸ್ಸಲ್ಲಿ ಹೋಗ್ತಾ ಇರೋರಿಗೆ: ಕಂಡಕ್ಟರಿಗೆ ಹೇಳ್ದೆ ಇಳೀಲೇಬೇಡಿ. ಬಾಗಿಲ ಹತ್ರ ಹೋಗಿ "ನಡ್ಕೊಂಡು ಸೇತುವೆ ದಾಟಿ ಆ ಕಡೆ ನಿಂತಿರ್ತೀನಿ, ಬಸ್ ಬಂದಾಗ ಹತ್ತಿಸ್ಕೊಳ್ತೀರಾ, ಇಲ್ಲಾ ನಾನು ಬೇರೆ ಬಸ್ ಹಿಡಿಯೋದಾ" ಅಂತ ಕೇಳಿ ಖಚಿತ ಮಾಡ್ಕೊಳ್ಳಿ, ಬಸ್ ನಂಬರ್ ಫೋಟೋ ತೆಗೆದುಕೊಳ್ಳಿ, ಟಿಕೆಟ್ ಬಿಸಾಡ್ಬೇಡಿ. ಉಳಿದ ದೂರದ ದುಡ್ಡು ವಾಪಸ್ ಬರುತ್ತೆ ಅಂತ ಎಣಿಸ್ಬೇಡಿ. ಡಿಕ್ಕಿಯಲ್ಲಿ ಲಗೇಜ್ ಇದ್ರೆ ಈಗಲೇ ತೆಗೆಸಿಕೊಳ್ಳಿ, ಆಮೇಲೆ ಇರಿಟ್ಟಿಯಲ್ಲಿ ಹುಡುಕೋಕೆ ಆಗಲ್ಲ.

5. ಬ್ಯಾಗಲ್ಲಿ ಏನಿರ್ಬೇಕು, ಏನಿರ್ಬಾರದು

ಇರ್ಬೇಕಾದ್ದು ಸ್ವಲ್ಪವೇ: ಆಧಾರ್ ಅಥವಾ ಯಾವುದಾದ್ರೂ ಗುರುತಿನ ಚೀಟಿ, ಟಿಕೆಟ್ಟು, ನೀರು, ಟಾರ್ಚು, ಚಾರ್ಜ್ ಇರೋ ಫೋನು, ಮಾತ್ರೆ. ಮಳೆಗಾಲ ಆದ್ರೆ ಕೊಡೆಗಿಂತ ರೈನ್‌ಕೋಟ್ ಒಳ್ಳೇದು, ಕೈ ಖಾಲಿ ಇರುತ್ತೆ, ಕೊಡೆ ಹಿಡಿದ್ರೆ ಎದುರಿನ ಗಾಡಿ ಕಾಣಲ್ಲ. ಒಂದು ಚಿಟಿಕೆ ಉಪ್ಪು ಪೇಪರಲ್ಲಿ ಕಟ್ಟಿಟ್ಕೊಳ್ಳಿ, ರಸ್ತೆ ಅಂಚಿನ ಹುಲ್ಲಲ್ಲಿ ಕಾಲಿಟ್ರೆ ಜಿಗಣೆ ಗ್ಯಾರಂಟಿ. ಎಳೆಯೋ ಚಕ್ರದ ಸೂಟ್‌ಕೇಸ್ ಸಾಲಿನ ನಡುವೆ, ಜಲ್ಲಿ ಮೇಲೆ ನಡೆಯಲ್ಲ, ಬೆನ್ನಿಗೆ ಹಾಕೋ ಬ್ಯಾಗು ತಗೊಳ್ಳಿ, ದೊಡ್ಡ ಲಗೇಜ್ ಗಾಡಿಯಲ್ಲೇ ಹಿಂದಿಂದ ಬರಲಿ.

ಇರ್ಬಾರದ್ದು ಜಾಸ್ತಿ ಇದೆ, ಗಮನ ಕೊಡಿ.

ಮದ್ಯ ಬೇಡವೇ ಬೇಡ. ಕರ್ನಾಟಕದಲ್ಲಿ ತಗೊಂಡ ಬಾಟ್ಲಿಗೆ ಬಿಲ್ ಇದ್ರೂ ಕೇರಳದ ಒಳಗೆ ಒಯ್ಯೋ ಹಾಗಿಲ್ಲ. ಇಲ್ಲಿ ಎಕ್ಸೈಸ್ ಅಂದ್ರೆ ಅಬಕಾರಿ ಇಲಾಖೆಯವರು, ಗಡಿಯಲ್ಲಿ ಮುಖ್ಯವಾಗಿ ಹುಡುಕೋದೇ ಇದನ್ನ, ನಡೆಯೋರ ಬ್ಯಾಗನ್ನೂ ಬಿಚ್ಚಿಸ್ತಾರೆ. ಕೊಡಗಿಗೆ ಬಂದ ನೆಂಟರು ಹೋಮ್‌ಮೇಡ್ ವೈನ್ ಬಾಟ್ಲಿ ಇಟ್ಕೊಂಡಿರ್ತಾರೆ, ಅದು ಹಣ್ಣಿನ ರಸ ತಾನೆ ಅಂತ. ಅಬಕಾರಿಯವರಿಗೆ ಅದೂ ಮದ್ಯವೇ. ನೆಂಟರನ್ನ ಕಳಿಸಿಕೊಡೋ ಮನೆಯವರು ಇದನ್ನ ಮೊದ್ಲೇ ಹೇಳಿ.

ಹಂದಿ ಮಾಂಸ ಒಯ್ಯೋ ಮುಂಚೆ ವಿಚಾರಿಸಿ. 2022ರ ಜುಲೈಯಲ್ಲಿ ವಯನಾಡಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸ್ಕೊಂಡಾಗ ಹೊರಗಿಂದ ಹಂದಿ, ಹಂದಿ ಮಾಂಸ ತರೋದನ್ನ ಕೇರಳ ನಿಲ್ಲಿಸಿತ್ತು. ಇಂಥ ರೋಗದ ಸುದ್ದಿ ಇರೋ ಸಮಯದಲ್ಲಿ ಪಂದಿ ಕರಿ ಡಬ್ಬಿ ಮನೇಲೇ ಇರಲಿ.

ಚುನಾವಣೆ ನೀತಿ ಸಂಹಿತೆ ಇದ್ದಾಗ 50,000 ರೂಪಾಯಿಗಿಂತ ಜಾಸ್ತಿ ನಗದು ಇದ್ರೆ ದಾಖಲೆ ಕೇಳ್ತಾರೆ, ತೋರಿಸದಿದ್ರೆ ಹಿಡಿದಿಡ್ತಾರೆ. ಕಾಫಿ, ಕರಿಮೆಣಸು ಮಾರಿದ ದುಡ್ಡು ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಚೀಟಿ ಬೇಕು. ಮದುವೆಗೆ, ಬೈತೂರು ದೇವಸ್ಥಾನಕ್ಕೆ ಕೊಡವ ಉಡುಪಲ್ಲಿ ಹೋಗ್ತಾ ಇದ್ರೆ ಪೀಚೆಕತ್ತಿಯನ್ನ ಸೊಂಟದಿಂದ ತೆಗೆದು ಗಾಡಿಯಲ್ಲಿ ಬಟ್ಟೆ ಜೊತೆ ಇಡಿ, ಗುರುತಿಲ್ಲದ ಕಾನ್‌ಸ್ಟೇಬಲ್‌ಗೆ ರಸ್ತೆಯಲ್ಲಿ ನಿಂತು ವಿವರಿಸೋ ಕೆಲಸ ತಪ್ಪುತ್ತೆ.

6. ನಡೆಯೋದು

ರಸ್ತೆ ಬಲಗಡೆ ನಡೀರಿ, ಎದುರು ಬರೋ ಗಾಡಿ ಕಾಣ್ಬೇಕು. ಒಬ್ಬರ ಹಿಂದೆ ಒಬ್ಬರು, ಪಕ್ಕ ಪಕ್ಕ ಅಲ್ಲ. ನಿಂತ ಗಾಡಿಗಳ ನಡುವೆ ನುಗ್ಗಬೇಡಿ, ಇಳಿಜಾರಲ್ಲಿ ನಿಂತ ಲಾರಿ ಒಂದಡಿ ಜಾರಿದ್ರೂ ಸಾಕು. ಅದಕ್ಕಿಂತ ಅಪಾಯ ಬೈಕಿನವರು, ಸಾಲು ನಿಂತಾಗ ಅವರು ಎಡಕ್ಕೂ ಬಲಕ್ಕೂ ಸಂದಿ ಸಿಕ್ಕ ಕಡೆ ನುಗ್ತಾರೆ, ಶಬ್ದ ಕೇಳಿದ್ರೆ ನಿಂತು ದಾರಿ ಬಿಟ್ಟು ಆಮೇಲೆ ಮುಂದೆ ಹೋಗಿ. ಇಯರ್‌ಫೋನ್ ತೆಗೀರಿ. ಹೊರಗಡೆ ತಿರುವಿನ ಅಂಚಿಗೆ ಹೋಗ್ಬೇಡಿ, ಮಳೆಯಲ್ಲಿ ಅಲ್ಲಿ ಮಣ್ಣು ಒಳಗಿಂದ ಸಡಿಲ ಆಗಿರುತ್ತೆ, ಮೇಲೆ ಹುಲ್ಲು ಮಾತ್ರ ಕಾಣುತ್ತೆ. ಹೊಳೆ ಕಾಣಿಸ್ತು ಅಂತ ಇಳಿದು ಸೆಲ್ಫಿ ತೆಗೆಯೋದು, ಕೋತಿಗೆ ತಿಂಡಿ ಹಾಕೋದು, ಕಾಡಿನ ಒಳಗೆ ಮೂತ್ರಕ್ಕೆ ಹೋಗೋದು ಯಾವುದೂ ಬೇಡ.

ಶಾರ್ಟ್‌ಕಟ್ ಅಂತ ಯಾರಾದ್ರೂ ಕಾಲುದಾರಿ ತೋರಿಸಿದ್ರೆ ಹೋಗ್ಬೇಡಿ. ನಮ್ಮ ಹಿರಿಯರು ಘಟ್ಟ ಇಳಿದು ಹೋಗ್ತಿದ್ದ ಹಳೇ ದಾರಿಗಳು ಇದ್ದಾವೆ ನಿಜ, ಕೇರಳದ ಪಯ್ಯಾವೂರು ಉತ್ಸವಕ್ಕೆ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಹೋಗೋ ಕಟ್ಟಳೆನೂ ಇದೆ, ಅದು ಊರಿನವರೆಲ್ಲ ಸೇರಿ, ದಾರಿ ಬಲ್ಲವರ ಜೊತೆ ನಡೆಯೋ ವಿಷಯ. ಅದನ್ನ ನೋಡಿ ನಾವೂ ಹೋಗ್ಬಹುದು ಅಂದ್ಕೋಬೇಡಿ. ಅರಣ್ಯ ಇಲಾಖೆ ಅನುಮತಿ ಇಲ್ದೆ ಕಾಡೊಳಗೆ ಕಾಲಿಟ್ರೆ ಕೇಸ್ ಆಗುತ್ತೆ.

7. ಚೆಕ್‌ಪೋಸ್ಟಲ್ಲಿ

ಭಾರತದ ಪ್ರಜೆಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗೋಕೆ ಪಾಸೂ ಬೇಡ ಪರ್ಮಿಟ್ಟೂ ಬೇಡ, ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು ಅದು. ಈ ಪಾಸ್ ಭಯ ಉಳಿದಿರೋದು ಕೊರೊನಾ ಕಾಲದಿಂದ. 2020ರ ಮಾರ್ಚಲ್ಲಿ ಗಡಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ರು, 2021ರಲ್ಲಿ ಆರ್‌ಟಿಪಿಸಿಆರ್ ರಿಪೋರ್ಟ್ ಕೇಳ್ತಿದ್ರು, ಅದೆಲ್ಲ ಮುಗಿದ ಕಥೆ. ನಿಫಾ ಸುದ್ದಿ ಬಂದಾಗ ಮಾತ್ರ, 2023ರ ಸೆಪ್ಟೆಂಬರಲ್ಲಿ ಆದ ಹಾಗೆ, ಕೇರಳದಿಂದ ಬರೋರ ಜ್ವರದ ಮೇಲೆ ಆರೋಗ್ಯ ಇಲಾಖೆ ಕಣ್ಣಿಟ್ಟಿರುತ್ತೆ. ಜ್ವರ ಇದ್ರೆ ಮುಚ್ಚಿಡ್ಬೇಡಿ.

ಚೆಕ್‌ಪೋಸ್ಟ್ ಅಂದ್ರೆ ಒಂದೇ ಆಫೀಸಲ್ಲ. ಪೊಲೀಸ್, ಅರಣ್ಯ, ಅಬಕಾರಿ, ಆರ್‌ಟಿಒ ಬೇರೆ ಬೇರೆ, ಎರಡು ರಾಜ್ಯದ್ದೂ ಬೇರೆ ಬೇರೆ. ಆದ್ದರಿಂದ ಒಂದು ಕಡೆ ಬ್ಯಾಗ್ ತೋರಿಸಿದ ಮೇಲೆ ಇನ್ನೊಂದು ಕಡೆ ಮತ್ತೆ ಕೇಳಿದ್ರೆ ಸಿಟ್ಟಾಗ್ಬೇಡಿ. ಗೇಟಿನ ಪಕ್ಕ ನುಸುಳಿ ಹೋಗೋದು ಮಾತ್ರ ಮಾಡ್ಬೇಡಿ, ಎದುರಿಗೆ ಹೋಗಿ ನಿಂತು "ಸರ್, ಹಿಂದಿನ ಸಾಲಲ್ಲಿ ನಮ್ಮ ಗಾಡಿ ಇದೆ, ಫ್ಲೈಟ್ ಇದೆ, ನಡ್ಕೊಂಡು ಹೋಗ್ತಾ ಇದ್ದೀನಿ" ಅಂತ ಹೇಳಿದ್ರೆ ಹೆಚ್ಚಿನವರು ಒಂದು ನೋಟ ನೋಡಿ ಬಿಡ್ತಾರೆ. ಅವರೂ ಬೆಳಿಗ್ಗೆಯಿಂದ ಹೊಗೆ ಕುಡೀತಾ ನಿಂತಿರೋರು. ವಿಡಿಯೋ ಮಾಡ್ಕೊಂಡು ಹೋಗ್ಬೇಡಿ.

ಆಮೇಲೆ ಸೇತುವೆ. ಬ್ರಿಟಿಷರ ಕಾಲದ ಕಿರಿದಾದ ಹಳೇ ಸೇತುವೆ ಜೊತೆಗೆ 2022ರಲ್ಲಿ ಹೊಸ ಸೇತುವೆ ಆಯ್ತು, ಅದಾದ ಮೇಲೆ ಗಡಿಯಲ್ಲಿ ಗಾಡಿ ಸಿಕ್ಕಿಕೊಳ್ಳೋದು ಕಡಿಮೆ ಆಗಿದೆ. ಸೇತುವೆ ಮೇಲೆ ನಿಂತು ಕಾಯ್ಬೇಡಿ, ಪೂರ್ತಿ ದಾಟಿ ಅಂಗಡಿ ಇರೋ ಕಡೆ ನಿಲ್ಲಿ. ಗಾಡಿಯವರ ಜೊತೆ "ಸೇತುವೆ ದಾಟಿ ಎಡಗಡೆ ಮೊದಲ ಚಾ ಅಂಗಡಿ" ಅನ್ನೋ ಹಾಗೆ ಒಂದೇ ಜಾಗ ಮೊದ್ಲೇ ಗೊತ್ತು ಮಾಡಿಕೊಂಡಿರಿ, "ಆ ಕಡೆ ಸಿಗೋಣ" ಅಂದ್ರೆ ಇಬ್ಬರೂ ಹುಡುಕ್ತಾ ಇರ್ತೀರಿ.

8. ಆ ಕಡೆ ದಾಟಿದ ಮೇಲೆ

ಕೂಟುಪೊಳೆಯಿಂದ ಇರಿಟ್ಟಿ ಸುಮಾರು ಹತ್ತು ಹನ್ನೆರಡು ಕಿಲೋಮೀಟರು, ಏರ್‌ಪೋರ್ಟ್ ಸುಮಾರು ಮೂವತ್ತು. ಇರಿಟ್ಟಿಗೆ ಹೋದ್ರೆ ಮುಂದೆ ಮಟ್ಟನ್ನೂರು, ಕಣ್ಣೂರು, ತಲಶ್ಶೇರಿ ಬಸ್ಸು ಬೇಕಾದಷ್ಟು. ಹಾಗಾಗಿ ಕೂಟುಪೊಳೆಯಲ್ಲಿ ಕಣ್ಣೂರು ಬಸ್ಸೇ ಬೇಕು ಅಂತ ಕಾಯ್ಬೇಡಿ, ಇರಿಟ್ಟಿ ಕಡೆ ಹೋಗೋದು ಏನು ಬಂದ್ರೂ ಹತ್ತಿ.

ಅಲ್ಲಿ ಕನ್ನಡ ಅರ್ಥ ಆಗೋರು ಸಿಕ್ತಾರೆ, ಕೊಡವ ತಕ್ಕ್ (ಕೊಡವ ಭಾಷೆ) ಗೊತ್ತಿದ್ರೆ ಮಲಯಾಳ ಅರ್ಧ ಅರ್ಥವಾಗುತ್ತೆ. ಗೊತ್ತಿಲ್ದವರಿಗೆ ಎರಡು ಮಾತು ಸಾಕು: "ಚೇಟ್ಟಾ, ಇರಿಟ್ಟಿಕ್ಕ್ ಪೋಗುಮೋ?" ಅಂದ್ರೆ ಇರಿಟ್ಟಿಗೆ ಹೋಗುತ್ತಾ, "ಎತ್ರ ರೂಪಾ?" ಅಂದ್ರೆ ಎಷ್ಟು ರೂಪಾಯಿ. ಬಸ್ಸಿನ ಬೋರ್ಡ್ ಹೆಚ್ಚಾಗಿ ಮಲಯಾಳದಲ್ಲೇ ಇರುತ್ತೆ, ಓದೋಕೆ ಕಷ್ಟಪಡೋ ಬದಲು ಕೇಳಿಬಿಡಿ.

ಆಟೋದಲ್ಲಿ ಹೋಗೋದಾದ್ರೆ ಹತ್ತೋ ಮುಂಚೆ ರೇಟ್ ಮಾತಾಡಿ. ಕೇರಳದಲ್ಲಿ 2022ರ ಮೇಯಿಂದ ಮಿನಿಮಮ್ 30 ರೂಪಾಯಿ, ಅದು ಮೊದಲ ಒಂದೂವರೆ ಕಿಲೋಮೀಟರಿಗೆ. ಪೇಟೆ ಹೊರಗೆ ಒಂದೇ ಕಡೆ ಹೋಗಿ ಖಾಲಿ ವಾಪಸ್ ಬರ್ಬೇಕಾದ್ರೆ ಮೀಟರಿಗಿಂತ ಜಾಸ್ತಿ ಕೇಳ್ತಾರೆ, ಅದು ಮೋಸ ಅಲ್ಲ, ಅಲ್ಲಿನ ಕ್ರಮವೇ ಹಾಗೆ. ನಿಮ್ಮ ಜೊತೆ ನಡೆದು ಬಂದವರು ಇನ್ನೂ ಇಬ್ಬರು ಏರ್‌ಪೋರ್ಟಿಗೇ ಹೋಗೋರಿದ್ರೆ ಸೇರ್ಕೊಂಡು ಒಂದು ಟ್ಯಾಕ್ಸಿ ಮಾಡಿ. ಇನ್ನೂ ಒಳ್ಳೇದು ಅಂದ್ರೆ ರಶ್ ಇರುತ್ತೆ ಅಂತ ಗೊತ್ತಿರೋ ದಿನ ಹಿಂದಿನ ದಿನವೇ ಇರಿಟ್ಟಿ ಅಥವಾ ಮಟ್ಟನ್ನೂರು ಟ್ಯಾಕ್ಸಿಗೆ ಹೇಳಿ ಕೂಟುಪೊಳೆಗೆ ಕರೆಸಿಕೊಳ್ಳಿ, ನಿಮ್ಮ ಗಾಡಿ ಗಡಿವರೆಗೆ ಬಿಟ್ಟು ವಾಪಸ್ ಹೋಗಲಿ.

ಸಮಯದ ಲೆಕ್ಕ: ಒಳನಾಡಿನ ಫ್ಲೈಟ್‌ಗೆ ಚೆಕ್‌ಇನ್ ಕೌಂಟರ್ ಹೊರಡೋ ಒಂದು ಗಂಟೆ ಮೊದಲೇ ಮುಚ್ಚುತ್ತೆ, ಗಲ್ಫ್ ಫ್ಲೈಟ್‌ಗೆ ಇನ್ನೂ ಬೇಗ ಹೋಗ್ಬೇಕು. ಕೂಟುಪೊಳೆಯಿಂದ ಏರ್‌ಪೋರ್ಟಿಗೆ ರಶ್ ದಿನ ಒಂದೂವರೆ ಗಂಟೆ ಇಟ್ಕೊಳ್ಳಿ. ಅಂದ್ರೆ ಸೇತುವೆ ದಾಟೋ ಹೊತ್ತಿಗೆ ಫ್ಲೈಟ್‌ಗೆ ಕಡೇಪಕ್ಷ ಎರಡೂವರೆ ಗಂಟೆ ಬಾಕಿ ಇರ್ಬೇಕು. ಇಲ್ಲ ಅಂದ್ರೆ ಓಡ್ಬೇಡಿ, ಏರ್‌ಲೈನ್‌ಗೆ ಫೋನ್ ಮಾಡಿ ಮುಂದಿನ ಫ್ಲೈಟ್‌ಗೆ ಬದಲಾಯಿಸೋಕಾಗುತ್ತಾ ಕೇಳಿ.

9. ವಾಪಸ್ ಬರೋವಾಗ

ಕೇರಳದಿಂದ ಈ ಕಡೆ ನಡ್ಕೊಂಡು ದಾಟೋದು ಹೋಗೋದಕ್ಕಿಂತ ಕಷ್ಟ. ಆ ಕಡೆ ದಾಟಿದ್ರೆ ಊರು ಸಿಗುತ್ತೆ, ಈ ಕಡೆ ದಾಟಿದ್ರೆ ಕಾಡು ಸಿಗುತ್ತೆ. ಮಾಕುಟ್ಟದಲ್ಲಿ ಆಟೋ ಸ್ಟಾಂಡ್ ಇರುತ್ತೆ ಅಂತ ನಂಬಿ ಬರ್ಬೇಡಿ. ವಿರಾಜಪೇಟೆಯಿಂದ ನಿಮ್ಮನ್ನ ಕರ್ಕೊಂಡು ಹೋಗೋಕೆ ಗಾಡಿ ಹೊರಟು ಚೆಕ್‌ಪೋಸ್ಟ್ ತಲುಪಿದೆ ಅಂತ ಖಾತ್ರಿ ಆದ ಮೇಲೆ ಮಾತ್ರ ಸೇತುವೆ ದಾಟಿ. ಇಲ್ಲಾಂದ್ರೆ ನೀವು ಕೂತು ಬಂದ ಬಸ್ಸಲ್ಲೇ ಕೂತಿರಿ, ತಡ ಆದ್ರೂ ಅದು ವಿರಾಜಪೇಟೆಗೆ ಬಂದೇ ಬರುತ್ತೆ. ಕತ್ತಲಾಗಿಬಿಟ್ರೆ ಇರಿಟ್ಟಿಯಲ್ಲಿ ರೂಮ್ ಮಾಡಿ ಬೆಳಿಗ್ಗೆ ಹೊರಡಿ.

ಕುಟ್ಟ ಕಡೆಯಿಂದ

ಕುಟ್ಟದಲ್ಲಿ ಸ್ವಲ್ಪ ಸುಲಭ, ಯಾಕಂದ್ರೆ ಗಡಿ ಪೇಟೆ ಪಕ್ಕದಲ್ಲೇ ಇದೆ. ಇಲ್ಲಿ ರಶ್ ಆಗೋಕೆ ಇನ್ನೊಂದು ಕಾರಣ ಇದೆ. ಗುಂಡ್ಲುಪೇಟೆ ಸುಲ್ತಾನ್ ಬತ್ತೇರಿ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಎಚ್.ಡಿ. ಕೋಟೆ ಬಾವಲಿ ರಸ್ತೆ ಸಂಜೆ 6ರಿಂದಲೇ ಬಂದ್, ಹಾಗಾಗಿ ಮೈಸೂರಿಂದ ವಯನಾಡಿಗೆ ರಾತ್ರಿ ಹೋಗೋ ಹೆಚ್ಚಿನ ಬಸ್ಸು ಕಾರು ಗೋಣಿಕೊಪ್ಪ ಕುಟ್ಟ ಮೇಲೇ ಬರುತ್ತೆ. ಪೇಟೆ ರಸ್ತೆ ಕಿರಿದು, ಎರಡು ಬಸ್ ಎದುರುಬದುರಾದ್ರೆ ನಿಂತುಬಿಡುತ್ತೆ.

ಹಗಲಲ್ಲಿ ಕುಟ್ಟ ಪೇಟೆಯಲ್ಲಿ ಇಳಿದು ನಡ್ಕೊಂಡು ಸಾಲು ದಾಟಿ ಮುಂದೆ ಮಾನಂದವಾಡಿ ಬಸ್ಸೋ ಜೀಪೋ ಹಿಡಿಯೋದು ತೊಂದ್ರೆ ಇಲ್ಲ. ತೋಲ್ಪೆಟ್ಟಿ ಆಚೆ ಮಾತ್ರ ಒಂದು ಹೆಜ್ಜೆನೂ ನಡೀಬೇಡಿ, ಅಲ್ಲಿಂದ ಕಾಟಿಕುಳಂ ಕಡೆಗೆ ವಯನಾಡು ವನ್ಯಧಾಮದ ಕಾಡು. ಬೆಳಗಿನ ಜಾವ, ಸಂಜೆ ಕುಟ್ಟದ ಸುತ್ತಲೂ ಎಚ್ಚರ ಬೇಕು, 2023ರ ಫೆಬ್ರವರಿಯಲ್ಲಿ ಇಲ್ಲೇ ಹತ್ತಿರ ಕಾಫಿ ತೋಟದಲ್ಲಿ ಹುಲಿ ದಾಳಿಗೆ ಇಬ್ಬರು ತೀರಿಕೊಂಡ್ರು. ತೋಟದ ಒಳಗಿನ ದಾರಿ ಹತ್ತಿರ ಅಂತ ಹೋಗ್ಬೇಡಿ. ತಿರುನೆಲ್ಲಿಗೆ ಹೋಗೋರು ಇರ್ಪು ಕಡೆಯಿಂದ ಬ್ರಹ್ಮಗಿರಿ ಹತ್ತಿ ಆ ಕಡೆ ಇಳೀಬಹುದಾ ಅಂತನೂ ಕೇಳ್ತಾರೆ, ಅದು ಅರಣ್ಯ ಇಲಾಖೆ ಅನುಮತಿ, ಗೈಡ್ ಬೇಕಾದ ಚಾರಣದ ಜಾಗ, ಟ್ರಾಫಿಕ್ ತಪ್ಪಿಸೋ ದಾರಿ ಅಲ್ಲ.

ವಾಪಸ್ ಬರೋ ಹೆಂಗಸರಿಗೆ ಒಂದು ಉಪಯೋಗದ ವಿಷಯ: 2023ರ ಜೂನ್ 11ರಿಂದ ಇರೋ ಶಕ್ತಿ ಯೋಜನೆ ಕರ್ನಾಟಕದ ಒಳಗಿನ ಸರ್ಕಾರಿ ಬಸ್ಸಿಗೆ. ಕುಟ್ಟದಿಂದ ಗೋಣಿಕೊಪ್ಪಕ್ಕೆ ನಮ್ಮ ಸರ್ಕಾರಿ ಬಸ್ ಹತ್ತಿದ್ರೆ ಕರ್ನಾಟಕದ ವಿಳಾಸ ಇರೋ ಆಧಾರ್ ತೋರಿಸಿ ಫ್ರೀ ಟಿಕೆಟ್ ತಗೋಬಹುದು, ಕೇರಳದ ಬಸ್ಸಲ್ಲಿ ಅದು ನಡೆಯಲ್ಲ.

ಕರಿಕೆ ಕಡೆಯಿಂದ

ಭಾಗಮಂಡಲ ಕರಿಕೆ ರಸ್ತೆ ಕಿರಿದು, ತಿರುವು ಜಾಸ್ತಿ, ಜನವಸತಿ ಕಡಿಮೆ. ಅಕ್ಟೋಬರ್ ನಡುವಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬರೋ ಕಾಸರಗೋಡು ಕಡೆಯವರ ಗಾಡಿ ತುಂಬಿದಾಗ ಸಿಕ್ಕಿಕೊಂಡ್ರೆ ಗಾಡಿ ಬಿಟ್ಟು ಇಳೀಬೇಡಿ. ಕರಿಕೆ ಊರೊಳಗೆ ತಲುಪಿದ ಮೇಲೆ ಜೀಪ್ ಸಿಗುತ್ತಾ ವಿಚಾರಿಸಿ, ಪಾಣತ್ತೂರಿಂದ ಕಾಞಂಗಾಡಿಗೆ ಬಸ್ ಇದೆ. ಸಂಜೆ ಮೇಲೆ ಬಸ್ ಕಡಿಮೆ ಆಗುತ್ತೆ, ಹಾಗಾಗಿ ಮಧ್ಯಾಹ್ನ ಊಟದ ಹೊತ್ತಿಗೆಲ್ಲ ಪಾಣತ್ತೂರು ಮುಟ್ಟೋ ಹಾಗೆ ಭಾಗಮಂಡಲ ಬಿಡಿ.